ಹೊಂಗೆ ಕಂಪನಿಯ ಬೋಣಿ

ಚಿಂತಾಮಣಿಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹೊಂಗೆ ಓಡುತ್ತಿತ್ತು. ಶಿರೀಷಾ ಬಾಗಿಲಲ್ಲೇ ನಿಂತುಬಿಟ್ಟಳು. ಪರದೆಯ ಮೇಲಿನ ಹೊಂಗೆ ಹೂವಿನ ಚಿತ್ರ ಅವಳೇ ತೆಗೆದದ್ದು. ಅವಳ ಬಿಲ್ ಪುಸ್ತಕದಲ್ಲಿ ಮಾತ್ರ ಈ ಅಂಗಡಿಯ ಹೆಸರಿರಲಿಲ್ಲ.

"ಇದೆಲ್ಲಿಂದ ಬಂತು ಸಾರ್?"

"ಯಾರೋ ಕೊಟ್ರಮ್ಮ, ಪುಕ್ಕಟೆ." ಮಾಲೀಕ ರಮೇಶ್‌ಬಾಬು ಕಣ್ಣು ತಪ್ಪಿಸಿದ. "ಹೆಸರು ಹೇಳ್ಬೇಡಿ ಅಂದವ್ರೆ."

ಆ ವಾರದಲ್ಲಿ ಇದು ಐದನೆಯ ಅಂಗಡಿ.

ಹೊಂಗೆ ಎಂದರೆ ಅವಳ ಕಂಪನಿಯ ಆಪರೇಟಿಂಗ್ ಸಿಸ್ಟಂ. ಲೋಕಕ್ಕೆಲ್ಲ ತೆರೆದಿಟ್ಟ ಮುಕ್ತ ತಂತ್ರಾಂಶವನ್ನು ತೆಗೆದುಕೊಂಡು, ಕನ್ನಡ, ತೆಲುಗು ಎರಡೂ ಸಲೀಸಾಗಿ ಟೈಪಾಗುವಂತೆ, ಮುದಿ ಕಂಪ್ಯೂಟರೂ ಎದ್ದು ಕೂರುವಂತೆ ತಿದ್ದಿದ್ದಳು. ಅದನ್ನು ಪೆನ್‌ಡ್ರೈವಿಗೆ ತುಂಬಿ ಮಾರಲು, ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಕೆಂಪರಾಜುವಿನೊಂದಿಗೆ ಗೌರಿಬಿದನೂರಿನ ಬೀಜದಂಗಡಿಯೊಂದರ ಮೇಲೆ ಕೋಣೆ ಹಿಡಿದಳು. ಅದೇ ಕಂಪನಿ. ತಯಾರಿಸುವವಳು ಅವಳು, ಊರೂರು ತಿರುಗಿ ಮಾರುವವನು ಅವನು.

ಮೊದಲ ತಿಂಗಳು ಯಾರೂ ಮೂಸಿ ನೋಡಲಿಲ್ಲ. ಮುಚ್ಚಿಬಿಡೋಣ ಎಂದು ಶಿರೀಷಾ ಅತ್ತಳು. ಮರುದಿನವೇ ಕೆಂಪರಾಜು ಬೋಣಿ ಮಾಡಿಕೊಂಡು ಬಂದ. ನಗರಗೆರೆಯ ವೆಂಕಟರಾಯಪ್ಪ ಎಂಬವರ ಹೆಸರಿಗೆ ಬಿಲ್ಲು ಬರೆಸಿ ದುಡ್ಡು ಎಣಿಸಿದ. ಅಂದಿನಿಂದ ಪ್ರತಿ ಶನಿವಾರ ಎರಡೋ ಮೂರೋ ಡಬ್ಬಿ ಹೋಗುತ್ತಿದ್ದವು. ಪ್ರತಿಯೊಂದು ಪೆನ್‌ಡ್ರೈವಿಗೂ ಅವಳು ಕೈಯಾರೆ ನಂಬರು ಬರೆದು, ಹೊಸ ಸಾಮಾನು ಎಂದು ಒಂದು ಚುಕ್ಕೆ ಕುಂಕುಮ ಇಟ್ಟೇ ಡಬ್ಬಿಗೆ ಹಾಕಿ ಸೀಲು ಮಾಡುತ್ತಿದ್ದಳು. ಬೈಕು ಗ್ಯಾರೇಜಿನಲ್ಲಿದೆ ಎಂದು ಕೆಂಪರಾಜು ಎರಡು ತಿಂಗಳಿಂದ ಬಸ್ಸಿನಲ್ಲೇ ಅಲೆಯುತ್ತಿದ್ದ. ಪಾಪ, ಕಷ್ಟಪಡುತ್ತಾನೆ ಎಂದುಕೊಂಡಿದ್ದಳು.

ಈಗ ಯಾರೋ ಅವಳ ಅನ್ನಕ್ಕೇ ಕಲ್ಲು ಹಾಕುತ್ತಿದ್ದರು.

ಪೊಲೀಸ್ ಠಾಣೆಗೂ ಹೋದಳು. ಸಬ್‌ಇನ್ಸ್‌ಪೆಕ್ಟರ್ ಡಬ್ಬಿಯ ಹಿಂಬದಿಯನ್ನು ಗಟ್ಟಿಯಾಗಿ ಓದಿದರು. "ಇದನ್ನು ಯಾರು ಬೇಕಾದರೂ ನಕಲು ಮಾಡಿ, ಯಾರಿಗೆ ಬೇಕಾದರೂ ಕೊಡಬಹುದು. ಇದನ್ನ ಅಚ್ಚು ಹಾಕ್ಸಿದ್ದು ಯಾರಮ್ಮ?"

"ನಾನೇ ಸಾರ್."

"ಮತ್ತೆ ಯಾರ್ ಮೇಲೆ ಕಂಪ್ಲೇಂಟ್ ಬರ್ಕೊಳ್ಲಿ?"

ಮುಕ್ತ ತಂತ್ರಾಂಶದ ನಿಯಮವೇ ಅದು. ಅಳಿಸುವಂತಿಲ್ಲ. ಅವಳು ಡಬ್ಬಿ ಎತ್ತಿಕೊಂಡು ಎದ್ದು ಬಂದಳು.

ಚಿಂತಾಮಣಿಯ ಶಾಲೆಯೊಂದು ಮೂವತ್ತು ಕಂಪ್ಯೂಟರಿಗೆ ಹೊಂಗೆ ಹಾಕಿಸುವ ಮಾತಾಗಿತ್ತು. ಅದು ಸಿಕ್ಕರೆ ಕಂಪನಿ ಉಳಿಯುತ್ತಿತ್ತು, ಇಲ್ಲದಿದ್ದರೆ ಬೀಗ. ಮರುದಿನ ಅಲ್ಲಿನ ಹೆಡ್‌ಮಿಸ್ ಶ್ಯಾಮಲಮ್ಮ ಫೋನ್ ಮಾಡಿದರು. "ಎದುರುಗಡೆ ಜೆರಾಕ್ಸ್‌ನೋರಿಗೆ ಪುಕ್ಕಟೆ ಸಿಕ್ಕದಂತೆ. ನಾವ್ಯಾಕಮ್ಮ ದುಡ್ಡು ಕೊಡ್ಬೇಕು?"

ಅದೇ ಸಂಜೆ, ಆ ಐದು ಅಂಗಡಿಗಳಲ್ಲೊಂದಾದ ಸೈಬರ್ ಸೆಂಟರಿನ ಕಲ್ಯಾಣಿ ಗುಟ್ಟು ಬಿಟ್ಟುಕೊಟ್ಟಳು. "ನಮಗೆ ಕೊಟ್ಟಿದ್ದು ನಿಮ್ ಕೆಂಪರಾಜಣ್ಣನೇ ಅಕ್ಕ."

ಶಿರೀಷಾ ಕೋಣೆಯಲ್ಲಿ ಕಾದು ಕುಳಿತಳು. ಅವನು ಬಂದ ಕೂಡಲೇ ಕೇಳಿದಳು.

"ಪುಕ್ಕಟೆ ಹಂಚಿದ್ದು ನೀನೇನಾ?"

ಕೆಂಪರಾಜು ನೆಲ ನೋಡಿದ. "ಹೂಂ. ಬಳಸಿ ನೋಡಿದ್ರೆ ನಾಲ್ಕು ಜನಕ್ಕೆ ಹೇಳ್ತಾರೆ ಅಂದ್ಕೊಂಡೆ."

"ನನ್ ಬೆನ್ನ ಹಿಂದೆ ಎಷ್ಟು ಕಾಪಿ ಮಾಡ್ದೆ?"

"ಒಂದೂ ಮಾಡಿಲ್ಲ ಕಣಮ್ಮ."

ಸಿಕ್ಕಿಬಿದ್ದ ಮೇಲೂ ಸುಳ್ಳು! ಅವಳು ಕೈ ಚಾಚಿದಳು. "ಬೀಗದ ಕೈ ಕೊಟ್ಟು ಹೋಗು. ಇನ್ನು ಈ ಮೆಟ್ಟಿಲು ಹತ್ತಬೇಡ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಚಾಚಿಯೇ ಇದ್ದಳು. ಕೀಲಿಯನ್ನು ಅದರಲ್ಲಿಟ್ಟು ಹೊರಟುಹೋದ.

ಮುಂದಿನ ಶನಿವಾರ ಒಂದೂ ಡಬ್ಬಿ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಇದ್ದ ಗಿರಾಕಿಗಳಿಗೂ ಏನೋ ಚಾಡಿ ಹೇಳಿದ್ದಾನೆ ಎಂದು ಶಿರೀಷಾ ಹಲ್ಲು ಕಡಿದಳು. ಮಾರಲು ಹೊರಟರೆ ಪುಕ್ಕಟೆ ಎಲ್ಲಿ ಸಿಗುತ್ತದೆ ಎಂದು ಜನ ಅವಳನ್ನೇ ಕೇಳಿದರು. ಮೆಟ್ಟಿಲ ಮೇಲೆ ಯಾರಾದರೂ ಬಂದಾರೇ ಎಂದು ಕಿವಿಗೊಟ್ಟು ಕೂರುವುದಷ್ಟೇ ಅವಳ ಪಾಲಿಗೆ ಉಳಿಯಿತು.

ಮೂರನೇ ವಾರ ಒಂದೇ ಒಂದು ಫೋನ್ ಬಂತು. ರಮೇಶ್‌ಬಾಬು. "ಕಂಪ್ಯೂಟರ್ ಏಳ್ತಾನೇ ಇಲ್ಲಮ್ಮ. ಒಸಿ ಬಂದು ನೋಡ್ತೀರಾ?" ಬೇರೆ ಕೆಲಸವಾದರೂ ಏನಿತ್ತು? ಬಸ್ಸು ಹತ್ತಿದಳು.

"ನಿಮಗೆ ಕೊಟ್ಟಿದ್ದ ಕಾಪಿ ತನ್ನಿ, ಮತ್ತೆ ಹಾಕ್ತೀನಿ."

ರಮೇಶ್‌ಬಾಬು ಲಕ್ಷ್ಮಿ ಪಟದ ಹಿಂದೆ ಕೈ ಹಾಕಿ ಪೆನ್‌ಡ್ರೈವ್ ತೆಗೆದ. "ಕುಂಕುಮ ಇಟ್ಟಿರೋ ಸಾಮಾನು, ಎಲ್ಲೆಂದ್ರಲ್ಲಿ ಬಿಸಾಕಕ್ಕಾಗ್ತದಾ? ಡಬ್ಬಿ ಸಮೇತ ಕೊಟ್ಟಿದ್ರು, ಸೀಲೂ ಒಡ್ದಿರ್ಲಿಲ್ಲ. ಅಂದಂಗೆ, ಕೆಂಪರಾಜು ಹೊಸ ಬೈಕ್ ತಗೊಂಡ್ರಾ? ಹಳೇದು ನಮ್ ಭಾಮೈದಂಗೇ ಮಾರಿದ್ರಲ್ಲ."

ಚುಕ್ಕೆ ಅವಳು ಇಟ್ಟದ್ದೇ. ಪಕ್ಕದ ಅಂಕಿಯೂ ಅವಳ ಕೈಬರಹ. ಒಂದನೇ ನಂಬರು, ಕೆಂಪರಾಜು ನಗರಗೆರೆಯ ವೆಂಕಟರಾಯಪ್ಪನ ಹೆಸರಿಗೆ ಬಿಲ್ಲು ಬರೆಸಿದ್ದ ಬೋಣಿ.

ಹೊಂಗೆ ಕಂಪನಿಗೆ ಇದ್ದದ್ದು ಒಬ್ಬನೇ ಗಿರಾಕಿ; ಅವನ ಕೈಯಿಂದಲೇ ಅವಳು ಬೀಗದ ಕೈ ಇಸಿದುಕೊಂಡಿದ್ದಳು.