ಗುಡ್ಡದ ಗಿಳಿಯ ಹಟ

ಮೂರನೆಯ ಸಲವೂ ಗಿಳಿ ಶನಿಯ ಚೀಟಿಯನ್ನೇ ಎಳೆಯಿತು.

ಬಮ್ಮಿಗಟ್ಟಿಯ ಶಂಕ್ರಪ್ಪನ ಪಡಸಾಲೆಯಲ್ಲಿ ಕೂತಿದ್ದ ಗಿಳಿಶಾಸ್ತ್ರದ ಮಲಕಪ್ಪ ಹಣೆಯ ಬೆವರು ಒರೆಸಿಕೊಂಡು, ವಾಡಿಕೆಯಂತೆ ಗಿಳಿಯ ಬಾಯಿಗೆ ಒಂದು ಶೇಂಗಾ ಕಾಳು ಕೊಟ್ಟ. ತಂಬೂರದಿಂದ ಬಂದಿದ್ದ ವರ ಶಂಭುಲಿಂಗಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ವಯಸ್ಸು ನಲವತ್ತೆಂಟು. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ್ದ. ಗಿಳಿ ಒಪ್ಪಿದರೆ ಮಾತ್ರ ಮೂರನೆಯವಳು ಎಂದು ಅವನೇ ಪಟ್ಟು ಹಿಡಿದಿದ್ದ.

"ಇನ್ನೊಮ್ಮೆ ತಗಸೋ," ಎಂದ ಶಂಕ್ರಪ್ಪ. ಅವನ ಕಣ್ಣು ಮಾತ್ರ ಒಳಬಾಗಿಲ ಕಡೆಗಿತ್ತು.

ಬಾಗಿಲಲ್ಲಿ ಮಗಳು ಕಸ್ತೂರೆವ್ವ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ. ತಲೆ ತಗ್ಗಿಸಿರಲಿಲ್ಲ. ಒಂದು ತಿಂಗಳಿಂದ ಅವಳದು ಒಂದೇ ಮಾತು: "ನಾ ಒಲ್ಲೆ." ಅಪ್ಪನದೂ ಒಂದೇ ಉತ್ತರ: "ಎಪ್ಪತ್ತೆರಡರ ಬರದಾಗೂ ಒಣಗಲಾರದ ಎಂಟೆಕರೆ ಗದ್ದಿ ಐತಿ ಅವಗ." ಎಂಟೆಕರೆಯ ಮುಂದೆ ಮಗಳ ಮಾತು ಯಾವ ಲೆಕ್ಕ!

ಶಂಕ್ರಪ್ಪನೇನು ಎಲ್ಲವನ್ನೂ ದೈವಕ್ಕೆ ಬಿಟ್ಟು ಕೂತವನಲ್ಲ. ಮುಂಜಾನೆಯೇ ಮಲಕಪ್ಪನನ್ನು ಕರೆಸಿ ಮಾತಾಡಿಕೊಂಡಿದ್ದ. ಲಕ್ಷ್ಮಿಯ ಚೀಟಿಯನ್ನು ಸಾಲಿನಿಂದ ಒಂದು ಕಾಳಿನಷ್ಟು ಮುಂದಕ್ಕೆ ಚಾಚಿ ಇಡುವುದು, ಗಿಳಿ ಅದನ್ನೇ ಎಳೆಯುವುದು. ಕಸುಬಿನ ಹಳೆಯ ಗುಟ್ಟು ಅದು. ಆಗ ನೀರು ತಂದಿಟ್ಟ ಕಸ್ತೂರೆವ್ವ ಪಂಜರದ ಮುಂದೆ ಬಹಳ ಹೊತ್ತು ಕೂತಿದ್ದಳು. ಅದು ಈಗ ಶಂಕ್ರಪ್ಪನಿಗೆ ನೆನಪಾಯಿತು.

ಗಿಳಿಯೂ ಸಾಮಾನ್ಯದ್ದಲ್ಲ. ಕಲಘಟಗಿಯ ಆಚೆ ಗುಡ್ಡದಲ್ಲಿ ಸಿಕ್ಕಿದ್ದು, ನೀಲಿ ರೆಕ್ಕೆಯದು. ಎರಡೇ ದಿನದಲ್ಲಿ ಪಂಜರದ ಚಿಲಕ ತೆಗೆಯಲು ಕಲಿತಿತ್ತು. ತಂತಿ ಸುತ್ತಿದರೆ ತಂತಿಯನ್ನೂ ಬಿಚ್ಚಿತು. ಹಾರಿ ಹೋಗಿ, ಊಟದ ಹೊತ್ತಿಗೆ ತಾನೇ ಬಂದು ಕೂತಿತು. ಸೋತುಹೋದ ಮಲಕಪ್ಪ ಚಿಲಕ ಹಾಕುವುದನ್ನೇ ಬಿಟ್ಟಿದ್ದ.

ನಾಲ್ಕನೆಯ ಸಲ ಅವನು ಚೀಟಿಗಳನ್ನು ಚೆನ್ನಾಗಿ ಕಲಸಿ ಸಾಲಿಟ್ಟ. ಗಿಳಿ ಮುಂದೆ ಚಾಚಿದ್ದ ಲಕ್ಷ್ಮಿಯನ್ನು ತುಳಿದುಕೊಂಡೇ ದಾಟಿತು. ಒಂದೊಂದೇ ಚೀಟಿಯನ್ನು ಕೊಕ್ಕಿನಿಂದ ಎತ್ತಿ ಬಿಸಾಡಿತು. ಮೂಲೆ ಹರಿದ ಶನಿಯನ್ನು ಹುಡುಕಿ ತೆಗೆದು, ಮಲಕಪ್ಪನ ಮುಖ ನೋಡುತ್ತ ಬಾಯಿ ತೆರೆಯಿತು.

ಶಂಭುಲಿಂಗಪ್ಪ ಎದ್ದ.

"ನಾಕು ಸಲ ಶನಿ ಬಂದಾನಂದ್ರ ಈ ಸಲ ಹೋಗಾಂವ ನಾನ. ಸಂಬಂಧ ಬ್ಯಾಡ ಶಂಕ್ರಪ್ಪ, ನಾ ಬರ್ತೀನಿ."

ಮುಂದಿಟ್ಟ ಚಹಾವನ್ನೂ ಕುಡಿಯದೆ ಬಸ್ಸಿನ ದಾರಿ ಹಿಡಿದ. ಶಂಕ್ರಪ್ಪ ಮಗಳತ್ತ ತಿರುಗಿದ.

"ಗಿಣಿಗೆ ಏನ ಕಲಿಸಿದಿ ಬೇ?"

"ಕಲಿಸಾಕ ಬಂದಿದ್ರ 'ನಾ ಒಲ್ಲೆ' ಅನ್ನೂದ ಕಲಿಸ್ತಿದ್ದೆ," ಎಂದಳು ಕಸ್ತೂರೆವ್ವ. "ನಾ ಹೇಳಿದ್ದು ನಿನಗ ಕೇಳಸ್ಲಿಲ್ಲ. ಗಿಣಿ ಹೇಳಿದ್ರ ಕೇಳ್ತಿದ್ದಿ. ನಾಳೆ ಇಂಥಾ ಇನ್ನೊಬ್ಬನ್ನ ತಂದು ಕುಂದ್ರಿಸಿದ್ರೂ ನಾ ಒಲ್ಲೆ, ತಿಳಕೋ."

ಭಲೇ ಹುಡುಗಿ!

ಮಲಕಪ್ಪ ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಹಿಂದೆ ಓಡಿಬಂದ ಹೆಜ್ಜೆಯ ಸಪ್ಪಳ. ಕಸ್ತೂರೆವ್ವ ಉಡಿಯ ತುಂಬ ಶೇಂಗಾ ತಂದಿದ್ದಳು. ಎಲ್ಲವನ್ನೂ ಅವನ ಚೀಲಕ್ಕೆ ಸುರಿದಳು. ಅವಳ ಕಣ್ಣು ಈಗ ತುಂಬಿದ್ದವು.

"ಅಪ್ಪಗ ಮಾತು ಕೊಟ್ಟಿದ್ರೂ ನನ್ನ ಉಳಿಸಿದ್ರಿ ಕಾಕಾ."

"ನಾ ಎಲ್ಲಿ ಉಳಿಸೇನಿ ತಂಗಿ? ನಾಕೂ ಸಲ ಲಕ್ಷ್ಮಿನ್ನ ಮುಂದ ಚಾಚಿದ್ದೆ."

ಕಸ್ತೂರೆವ್ವ ಪಂಜರಕ್ಕೆ ಕೈ ಮುಗಿದಳು. "ಹಂಗಾರ ದೇವರ ಇದರ ಕಡಿಂದ ಹೇಳಿಸ್ಯಾನ."

ಮಲಕಪ್ಪ ನಿಟ್ಟುಸಿರು ಬಿಟ್ಟ.

"ದೇವರೂ ಅಲ್ಲವಾ. ಲಕ್ಷ್ಮಿ ಬಂದ್ರ ಮಂದಿ ಖುಷಿಲೆ ಎದ್ದು ಹೋಗ್ತಾರ, ಶನಿ ಬಂದ್ರ ಇನ್ನೊಮ್ಮೆ ತಗಸು ಅಂತಾರ, ತಗದಾಗೊಮ್ಮೆ ಒಂದು ಶೇಂಗಾ ಸಿಗತೈತಿ ಅನ್ನೂದು ಈ ಹಲ್ಕಟ್ಟಗ ತಿಳದು ಎರಡು ತಿಂಗಳಾತು."