ಈರಪ್ಪ ನಿಲ್ಲುವ ಜಾಗ

ಮಾರ್ಚ್ ಏಳರ ಬೆಳಿಗ್ಗೆ ಮುನ್ನೂರು ವರ್ಷಗಳ ಹಿಂದಿನ ಸೈನ್ಯ ವಾಡಿಕೆಯಂತೆ ಓಣಿಯಲ್ಲಿ ಹಾದುಹೋಯಿತು. ಒಣಹಾಕಿದ ಸಂಡಿಗೆಯ ಮೇಲೆ ಕುದುರೆಗಳು ಕಾಲಿಟ್ಟರೂ ಒಂದೂ ಮುರಿಯಲಿಲ್ಲ. ಆಚೆ ದೊಡ್ಡ ರಸ್ತೆಯಲ್ಲಿ, ಊರಿಗೆ ಮೊಟ್ಟಮೊದಲು ಬಂದ ಮೋಟಾರು ಈ ವರ್ಷವೂ ಬಂತು.

ಆ ಊರಿನಲ್ಲಿ ಒಂದು ಜಾಗದಲ್ಲಿ ನಡೆದದ್ದು ಪ್ರತಿವರ್ಷ ಅದೇ ತಾರೀಖಿಗೆ ಅಲ್ಲೇ ಮತ್ತೆ ಕಾಣಿಸುತ್ತಿತ್ತು. ಗುರುಬಸವ್ವ ಯಾವುದನ್ನೂ ನೋಡಲಿಲ್ಲ. ಇದೇ ತಾರೀಖಿಗೆ ಅವಳ ನಡುಮನೆಯಲ್ಲಿ ಮಗಳು ಸಾವಂತ್ರಿ ಹುಟ್ಟಿದ್ದಳು. ಹಾಗಾಗಿ ತೀರಿಹೋದ ಗಂಡ ಈರಪ್ಪ ಪ್ರತಿವರ್ಷ ಅಲ್ಲಿ ಕೂಸನ್ನೆತ್ತಿಕೊಂಡು ನಗುತ್ತ ಕಾಣಿಸುತ್ತಿದ್ದ. ಅದೇ ಜಾಗದಲ್ಲಿ, ಅದೇ ತಾರೀಖಿಗೆ ನೆನಪಿನಲ್ಲುಳಿಯುವಂಥ ಹೊಸದೇನಾದರೂ ನಡೆದರೆ ಹಳೆಯದು ಮತ್ತೆ ಬರುವುದಿಲ್ಲ. ಅದಕ್ಕೇ ಆ ದಿನ ಅವಳು ನಡುಮನೆಯಲ್ಲಿ ಯಾರನ್ನೂ ಜಗಳವಾಡಲೂ ಬಿಡುತ್ತಿರಲಿಲ್ಲ.

ಹೆರಿಗೆಗೆಂದು ತವರಿಗೆ ಬಂದಿದ್ದ ಸಾವಂತ್ರಿಗೆ ಇವತ್ತೇ ನೋವು ಶುರುವಾಗಿತ್ತು. ನರ್ಸಮ್ಮ ದಾರಿಯಲ್ಲಿದ್ದಳು.

"ಯವ್ವಾ, ನನ್ನ ಪಡಸಾಲ್ಯಾಗ ಮಲಗಸು. ಇಲ್ಲೇ ನಡುಮನ್ಯಾಗ ಹಡದ್ರ ಮುಂದಿನ ವರ್ಷದಿಂದ ಅಪ್ಪ ಬರೂದಿಲ್ಲ."

"ಪಡಸಾಲ್ಯಾಗ ಗಾಳಿ ಹೊಡೀತೈತಿ, ಸುಮ್ನಿರು," ಎಂದಳು ಗುರುಬಸವ್ವ. "ನಿಮ್ಮಪ್ಪ ಬಸ್ಸಿನ್ಯಾಗ ಬಸುರಿ ಹೆಂಗಸ್ರನ್ನ ಕಂಡ್ರ ಕೇಳೂಕಿಂತ ಮೊದ್ಲ ಎದ್ದು ಸೀಟು ಬಿಡಾಂವ."

ಅಷ್ಟರಲ್ಲಿ ಈರಪ್ಪ ಕೂಸಿನೊಂದಿಗೆ ಕಾಣಿಸಿಕೊಂಡ. ಗುರುಬಸವ್ವ ಅವನನ್ನು ಕಣ್ತುಂಬ ನೋಡಿದಳು. ಆಮೇಲೆ ಅವನು ನಿಂತಿದ್ದ ಜಾಗದಲ್ಲೇ ಚಾಪೆ ಹಾಸಿದಳು.