ಒಂದು ಕೆನ್ನೆಗಷ್ಟೇ

ಅಂಗಳದಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿದ ಸಪ್ಪಳ ಕೇಳಿದ್ದೇ ಗುತ್ತೆವ್ವ ಒಲೆಯ ಮುಂದಿನಿಂದ ದಿಗ್ಗನೆ ಎದ್ದಳು. "ಬಂದ್ರು, ಬಂದ್ರು!" ಎಂದು ಮಗಳಿಗೆ ಪಿಸುಗುಟ್ಟಿ, ಸೆರಗಿನಿಂದ ಮುಖ ಇನ್ನೊಮ್ಮೆ ಒರೆಸಿಕೊಂಡು, ಎಡಗೆನ್ನೆಗೆ ಬೆಳಕು ಬೀಳುವಂತೆ ಬಾಗಿಲಲ್ಲಿ ನಿಂತಳು. ಸಂಜೆಯ ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು.

"ಅವ್ವಾ, ಗ್ವಾಡಿಗೆ ಹಾಕಿದ ಕ್ಯಾಲೆಂಡರ್‌ನಂಗ ನಿಂದ್ರಬ್ಯಾಡ. ಅಪ್ಪಗ ಸಂಶಯ ಬರತೈತಿ," ಎಂದು ಸುಶ್ಮಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಸುಮ್ಕಿರ. ಇವತ್ತಿಗೆ ನಲವತ್ತ ದಿನ ಆತು. ಇವತ್ತ ತಿಳೀಬೇಕು ನನಗ."

ನಲವತ್ತು ದಿನ ಹಚ್ಚಿದ್ದು ಪಕ್ಕದ ಮನೆಯ ಹಾಜಿರಾಬಿ ಹೇಳಿಕೊಟ್ಟ ಲೇಪ. ಚನ್ನಂಗಿ ಬೇಳೆ ನೆನೆಸಿ ಅರೆದು, ಆಲೂಗಡ್ಡೆಯ ರಸ, ಮೊಸರು ಹಾಕಿ ಕಲಸಿದ್ದು. ಬೀಜದ ಪ್ಲಾಟಿನಲ್ಲಿ ಬೆಂಡೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಕ್ರಾಸಿಂಗ್ ಮಾಡುತ್ತ ವರ್ಷಗಟ್ಟಲೆ ಬಿಸಿಲು ಕುಡಿದ ಮುಖ ಗುತ್ತೆವ್ವನದು. ಎರಡೂ ಕೆನ್ನೆಗೆ ಬಂಗು, ಬಂಗಿನ ಮೇಲೆ ಕಂದು ಚುಕ್ಕೆಗಳು. ಆದರೆ ಅವಳು ಲೇಪ ಹಚ್ಚಿದ್ದು ಎಡಗೆನ್ನೆಗೆ ಮಾತ್ರ. ಬೆಳೆಗೆ ಹೊಸ ಔಷಧ ಬಂದಾಗ ಬೀಜದ ಕಂಪನಿಯವರು ಒಂದು ಸಾಲಿಗೆ ಹೊಡೆದು ಪಕ್ಕದ ಸಾಲನ್ನು ಹಾಗೇ ಬಿಡುವುದನ್ನು ಅವಳು ನೋಡಿದ್ದಳು. "ಎರಡೂ ಕಡೆ ಹಚ್ಚಿದ್ರ ಗುಣಾ ಬಂದದ್ದು ಗೊತ್ತಾಗೂದು ಹೆಂಗ?" ಎಂದಿದ್ದಳು. ಕೆಲಸಕ್ಕೆ ಹೋಗುವಾಗ ಮಾತ್ರ, ಪರೀಕ್ಷೆಯಲ್ಲಿ ಮೋಸ ಆಗಬಾರದೆಂದು, ಎರಡೂ ಕೆನ್ನೆ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು.

ಈಗ ಚುಕ್ಕೆಗಳು ಖರೆ ಮಾಸಿದ್ದವೋ, ಆಸೆಯ ಕಣ್ಣಿಗೆ ಹಾಗೆ ಕಾಣುತ್ತಿದ್ದವೋ, ಅವಳಿಗೆ ತಿಳಿಯುತ್ತಿರಲಿಲ್ಲ. ಹಾಜಿರಾಬಿ ಹೋಗಿವೆ ಎನ್ನುತ್ತಿದ್ದಳು, ಔಷಧ ಅವಳದು. ಸುಶ್ಮಿತಾ ಹೌದೆನ್ನುತ್ತಿದ್ದಳು, ಅವಳು ಮಗಳು. ಉಳಿದವನು ಗಂಡ ಮಾಲತೇಶಪ್ಪ. ಬೀಜದ ಪ್ಲಾಟುಗಳಲ್ಲಿ ಬೇರೆ ಜಾತಿಯ ಬೆರಕೆ ಗಿಡ ಹುಡುಕಿ ಕೀಳುವುದು ಅವನ ಕೆಲಸ. ರಾಣೆಬೆನ್ನೂರಿನ ಕಂಪನಿಯವರು ಬ್ಯಾಡಗಿ, ಹೊಸರಿತ್ತಿಯವರೆಗೂ ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಎಕರೆಗೆ ಒಂದೇ ಒಂದು ಗಿಡದ ಎಲೆ ಬೇರೆ ಇದ್ದರೂ ಬದುವಿನ ಮೇಲೆ ನಿಂತೇ ಬೆರಳು ತೋರಿಸುವ ಕಣ್ಣು. ಆ ಕಣ್ಣಿನವನು ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಮುಖದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. "ನಾ ಕೇಳೂದಿಲ್ಲ. ಇವತ್ತ ಅವರ ಬಾಯಿಂದ ಬಂದ್ರ ಬಲಗಡೀಗೂ ಹಚ್ಚತೇನಿ. ಇಲ್ಲಂದ್ರ ಬಟ್ಲಾನ ತಿಪ್ಪಿಗೆ ಒಗೀತೇನಿ, ಕನ್ನಡಿ ಸುದ್ದಿಗೇ ಹೋಗೂದಿಲ್ಲ," ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

ಮಾಲತೇಶಪ್ಪ ಕೈಕಾಲು ತೊಳೆದು ಒಳಗೆ ಬಂದ. ಗುತ್ತೆವ್ವ ಎಡಗೆನ್ನೆ ಮುಂದೆ ಮಾಡಿ ನೀರಿನ ತಂಬಿಗೆ ಚಾಚಿದಳು.

"ಕುತ್ತಿಗಿ ಹಿಡಕೊಂಡೈತೇನು?" ಎಂದ.

ಸುಶ್ಮಿತಾ ತುಟಿ ಕಚ್ಚಿ ಒಲೆಯ ಕಡೆ ತಿರುಗಿದಳು. ಗುತ್ತೆವ್ವ ಸೋಲಲಿಲ್ಲ. ರೊಟ್ಟಿ ಹಾಕುವಾಗ ಬೇಕೆಂದೇ ಅವನ ಬಲಕ್ಕೆ ಬಂದು ಬಗ್ಗಿದಳು. ಪುಂಡಿಪಲ್ಲೆ ಬಡಿಸುವಾಗ ಇನ್ನೂ ಬಗ್ಗಿದಳು. ಅವನು ತುತ್ತು ಬಾಯಿಗಿಟ್ಟು, "ಉಪ್ಪ ಕಡಿಮಿ ಆಗೇತಿ," ಎಂದ.

ಹಿತ್ತಲ ಗೋಡೆಯ ಮೇಲಿಂದ ಹಾಜಿರಾಬಿಯ ತಲೆ ಕಾಣಿಸಿತು. "ಏನಂದ್ರು ಗುತ್ತೆವ್ವಾ?"

"ಉಪ್ಪ ಕಡಿಮಿ ಅಂದ್ರು!"

ಅಪ್ಪನ ಎದುರು ತಲೆ ಎತ್ತಿ ಮಾತಾಡದ ಸುಶ್ಮಿತಾಗೆ ಇನ್ನು ತಡೆಯಲಾಗಲಿಲ್ಲ. "ಅಪ್ಪಾ, ಅವ್ವನ ಮಾರಿ ಒಮ್ಮೆ ನೋಡು. ಏನರ ಬ್ಯಾರೆ ಕಾಣತೈತೇನು?"

ಮಾಲತೇಶಪ್ಪ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ರೊಟ್ಟಿ ಮುರಿಯುತ್ತಲೇ ಹೇಳಿದ: "ಕಿವಿ ಹತ್ರ ಇದ್ದ ಎರಡು ಹೋಗ್ಯಾವ. ಕಣ್ಣಿನ ಕೆಳಗ ಮೂರು ಇದ್ದವು, ಅದರಾಗ ನಡುವಿಂದು ಹೋಗೇತಿ, ಆ ಕಡೆ ಈ ಕಡೇವು ಮಾಸ್ಯಾವ. ಎಡಗಡೆ ಅಷ್ಟ. ಬಲಗಡೀವು ಹಂಗ ಅದಾವ, ಹನ್ನೊಂದೂ."

ಗುತ್ತೆವ್ವನ ಕೈಯ ಸೌಟು ಪಲ್ಲೆಯ ಗಡಿಗೆಯೊಳಗೆ ಬಿತ್ತು. ಸುಶ್ಮಿತಾ ಚಪ್ಪಾಳೆ ತಟ್ಟಿ, "ಖರೇ ಐತಿ ಅವ್ವಾ, ಔಷಧ ಖರೇ ಐತಿ!" ಎಂದು ಕುಣಿದೇಬಿಟ್ಟಳು. ಗೋಡೆಯ ಆಚೆಯಿಂದ ಹಾಜಿರಾಬಿ, "ನಾ ಹೇಳಿದ್ನಿಲ್ಲ! ನಾ ಹೇಳಿದ್ನಿಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಗುತ್ತೆವ್ವ ಒಬ್ಬಳೇ ನಗಲಿಲ್ಲ. ಅವಳ ಮುಖ ಕೆಂಪಾಗಿತ್ತು. "ಯಾವಾಗ ನೋಡಿದ್ರಿ?"

"ಕಿವಿ ಹತ್ರದ್ದು ಹೋದ ಸ್ವಾಮಾರ ಹೋತು."

"ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

ಅವನು ತಟ್ಟೆಯಲ್ಲೇ ಕೈ ತೊಳೆದು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು ಎದ್ದ. "ನಾ ಕೀಳೂದು ಬೆರಕಿ ಗಿಡ ಅಷ್ಟ. ನಿನ್ನ ಮಾರಿ ಮ್ಯಾಲಿನ ಚುಕ್ಕಿ ಬೆರಕಿ ಆಗಿರಲಿಲ್ಲ," ಎಂದವನು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ.

ಸುಶ್ಮಿತಾ ಆಗಲೇ ಲೇಪದ ಬಟ್ಟಲು ಹಿಡಿದು, ಎರಡು ಬೆರಳು ಅದ್ದಿ ನಿಂತಿದ್ದಳು. "ಬಾ ಅವ್ವಾ, ಲಗೂ. ಮಾತು ಅಂದ್ರ ಮಾತು, ಇನ್ನ ಬಲಗಡೆ."

ಗುತ್ತೆವ್ವ ಗೂಡಿನಿಂದ ಕನ್ನಡಿ ತೆಗೆದುಕೊಂಡು ಬಾಗಿಲಿಗೆ ಓಡಿದ್ದಳು. ನಲವತ್ತು ದಿನ ಎಡಗೆನ್ನೆಯನ್ನೇ ನೋಡಿದ್ದ ಆ ಕನ್ನಡಿಗೆ ಮೊದಲ ಸಲ ಬಲಗೆನ್ನೆ ಹಿಡಿದು, ಉಳಿದಿದ್ದ ಒಂದಿಷ್ಟು ಬಿಸಿಲಿಗೆ ಮುಖ ಎತ್ತಿದ್ದಳು.

"ತಡಿ," ಎಂದಳು. "ಮೊದಲ ಹನ್ನೊಂದೂ ಎಣಿಸ್ಕೊಂತೇನಿ."